ಉದಾರವಿದ್ಯೆಗೆ ಅಧಿಕಾರಿ ಯಾರು?

ಯಾವ ಶಾಸ್ತ್ರಗ್ರಂಥವನ್ನಾಗಲಿ ಪಾಠ ಹೇಳಲು ತೊಡಗುವ ಮುನ್ನ ನಾಲ್ಕು ಸಂಗತಿಗಳನ್ನು ಗೊತ್ತುಮಾಡಿಕೊಳ್ಳಬೇಕೆಂಬುದು ಪ್ರಾಚೀನರ ಕಟ್ಟಳೆ. ಗ್ರಂಥದ ವಿಷಯವೇನು, ಅದನ್ನು ಓದಿದುದರಿಂದಾಗುವ ಪ್ರಯೋಜನವೇನು, ವಿಷಯಕ್ಕೂ ಗ್ರಂಥಕ್ಕೂ ಇರುವ ಸಂಬಂಧವೆಂತಹುದು, ಅದನ್ನು ಓದತಕ್ಕ ಅಧಿಕಾರಿ ಯಾರು ಎಂಬವೇ ಆ ನಾಲ್ಕು. ಇವಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ಪಾಠಶಾಲೆಯ ಹುಡುಗರು ಮೊದಲ ಮೂರನ್ನು ಗಿಣಿಪಾಠದಂತೆ ಒಪ್ಪಿಸಿಬಿಡುವರು. ನಾಲ್ಕನೆಯದರ ಬಳಿಗೆ ಬಂದಾಗ ಪಾಠ ಹೇಳುವ ಗುರುಗಳೇ ತುಸು ತಡೆಯುವುದುಂಟು. ಏಕೆಂದರೆ ಮೊದಲ ಮೂರೂ ಪುಸ್ತಕವನ್ನು ಕುರಿತವು, ನಾಲ್ಕನೆಯದು ಎದುರಿಗೆ ಕುಳಿತಿರುವ ಹುಡುಗನನ್ನು ಕುರಿತದ್ದು.

ಅಧಿಕಾರವೆಂಬ ಮಾತಿಗೆ ಈಗ ಕಚೇರಿಯ ಮೇಜು ಕುರ್ಚಿಗಳ ಅರ್ಥವೇ ಬಳಕೆಯಲ್ಲಿ ಹೆಚ್ಚು. ಮೀಮಾಂಸಕರ ಅರ್ಥ ಬೇರೆ. ಫಲದಲ್ಲಿ ಅಪೇಕ್ಷೆಯುಳ್ಳವನು, ಅದನ್ನು ಸಾಧಿಸುವ ಸಾಮರ್ಥ್ಯವುಳ್ಳವನು, ಶಾಸ್ತ್ರವು ಯಾರನ್ನು ಹೊರಗಿಟ್ಟಿಲ್ಲವೋ ಅಂತಹವನು, ಅವನು ಅಧಿಕಾರಿ. ಈ ಮೂರನೆಯ ಲಕ್ಷಣದ ಹೆಸರಿನಲ್ಲಿ ಈ ದೇಶದ ಬಹುಜನರಿಗೂ ಹೆಂಗಸರಿಗೂ ಎಷ್ಟು ಶತಮಾನಗಳ ಕಾಲ ವಿದ್ಯೆಯ ಬಾಗಿಲು ಮುಚ್ಚಿತ್ತೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಆ ನಿಷೇಧವನ್ನು ಸಮರ್ಥಿಸುವ ಭಾಷ್ಯಪಂಕ್ತಿಗಳನ್ನು ಓದುವಾಗ ತಲೆತಗ್ಗಿಸದ ಸಂಸ್ಕೃತಜ್ಞನ ಓದು ಇನ್ನೂ ಪೂರ್ತಿಯಾಗಿಲ್ಲವೆಂದೇ ತಿಳಿಯತಕ್ಕದ್ದು. ಶಾಸ್ತ್ರದ ನಿಷೇಧವೇನೋ ಹೋಯಿತು. ಅದು ಬಿಟ್ಟುಹೋದ ಸ್ಥಳದಲ್ಲಿ ಹಣವು ಬಂದು ಕುಳಿತಿದೆ.

ಪ್ರತಿ ವರ್ಷವೂ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಹೊರಬೀಳುವ ದಿನಗಳಲ್ಲಿ ತುಮಕೂರಿನ ಬೀದಿಗಳಲ್ಲಿಯೂ ಗುಬ್ಬಿ ಕುಣಿಗಲುಗಳ ತೋಟದ ಮನೆಗಳಲ್ಲಿಯೂ ಈ ಅಧಿಕಾರಿವಿಚಾರವು ಶಾಸ್ತ್ರದ ಹೆಸರಿಲ್ಲದೆ ನಡೆಯುತ್ತದೆ. ಹುಡುಗ ಏನು ಓದಬೇಕು? ಹುಡುಗಿಯನ್ನು ಎಲ್ಲಿಗೆ ಕಳುಹಿಸಬೇಕು? ಬಹುಮಂದಿಗೆ ಉತ್ತರ ಸಿದ್ಧವಾಗಿಯೇ ಇದೆ. ಸಿದ್ಧಗಂಗೆಯವರ ತಾಂತ್ರಿಕ ವಿದ್ಯಾಲಯವು ತುಮಕೂರಿನಲ್ಲಿ ೧೯೬೩ರಲ್ಲಿ ಆರಂಭವಾಯಿತು. ೧೯೭೯ರಲ್ಲಿ ಸಿದ್ಧಾರ್ಥ ತಾಂತ್ರಿಕ ವಿದ್ಯಾಲಯವು ಬಂದಿತು. ೨೦೦೧ರಲ್ಲಿ ಗುಬ್ಬಿಯಲ್ಲಿಯೇ ಚನ್ನಬಸವೇಶ್ವರರ ಹೆಸರಿನ ಇಂಜಿನಿಯರಿಂಗ್ ಕಾಲೇಜು ತಲೆಯೆತ್ತಿತು. ಅಂಕಗಳು ಇದ್ದರೆ ಅಲ್ಲಿಗೆ, ಇಲ್ಲದಿದ್ದರೆ ಬಿ.ಕಾಂ.ಗೆ, ಅದೂ ಆಗದಿದ್ದರೆ ಬಿ.ಎ.ಗೆ ಎಂಬ ಇಳಿಮುಖದ ಮೆಟ್ಟಿಲುಗಳನ್ನು ಜನ ತಾವಾಗಿಯೇ ಕಟ್ಟಿಕೊಂಡಿದ್ದಾರೆ. ಮನುಷ್ಯನು ಮನುಷ್ಯನಾದ ಕಥೆಯನ್ನು ಹೇಳುವ ಚರಿತ್ರೆಯೂ, ಮಾತಿನ ಮರ್ಮವನ್ನು ತಿಳಿಸುವ ಸಾಹಿತ್ಯವೂ, ನ್ಯಾಯಾನ್ಯಾಯಗಳನ್ನು ತೂಗುವ ತತ್ತ್ವಶಾಸ್ತ್ರವೂ ಸೋತವರ ಪಾಲಿಗೆ ಉಳಿದ ಎಂಜಲೆಂಬ ಭಾವನೆ ಹೀಗೆ ಬೆಳೆದಿದೆ.

ಇದರ ನಡುವೆ ಈಚೆಗೆ ಇನ್ನೊಂದು ಬಗೆಯ ವಿದ್ಯಾಲಯದ ಸುದ್ದಿ ಈ ಮನೆಗಳಿಗೆ ಮುಟ್ಟುತ್ತಿದೆ. ಕರ್ಣಾಟಕ ಶಾಸನಸಭೆಯ ಕಾಯಿದೆಯಿಂದ ೨೦೧೦ರಲ್ಲಿ ಸ್ಥಾಪಿತವಾದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ೨೦೧೫ರಲ್ಲಿ ಪದವಿ ತರಗತಿಗಳನ್ನು ಬೆಂಗಳೂರಿನಲ್ಲಿ ತೆರೆಯಿತು. ಹರಿಯಾಣದ ಸೋನಿಪತ್ತಿನಲ್ಲಿ ಅಶೋಕ ವಿಶ್ವವಿದ್ಯಾಲಯವು ೨೦೧೪ರಲ್ಲಿಯೇ ಇಂತಹದನ್ನು ಆರಂಭಿಸಿತ್ತು. ಮಕ್ಕಳು ಅಲ್ಲಿಯೇ ವಾಸ, ತರಗತಿಗಳು ಸಣ್ಣವು, ಒಂದೇ ವಿದ್ಯಾರ್ಥಿ ಒಂದು ಕಡೆ ಗಣಿತವನ್ನೂ ಇನ್ನೊಂದು ಕಡೆ ಇತಿಹಾಸವನ್ನೂ ಓದಬಹುದು, ಉಪಾಧ್ಯಾಯರು ಹೇಳಿದ್ದನ್ನು ಬರೆದುಕೊಳ್ಳುವುದಕ್ಕಿಂತ ವಾದಿಸುವುದೂ ಪ್ರಬಂಧ ಬರೆಯುವುದೂ ಹೆಚ್ಚು. ಇಂಗ್ಲಿಷಿನಲ್ಲಿ ಇದಕ್ಕೆ ಲಿಬರಲ್ ಆರ್ಟ್ಸ್ ಎನ್ನುವರು. ಇದರ ಮಾದರಿ ಅಮೆರಿಕದ ಸಣ್ಣ ಊರುಗಳ ಕಾಲೇಜುಗಳದು. ಅಲ್ಲಿಯ ವಿಲಿಯಮ್ಸ್ ಕಾಲೇಜು ೧೭೯೩ರದು, ಆಮ್‌ಹರ್ಸ್ಟ್ ೧೮೨೧ರದು. ಕನ್ನಡದಲ್ಲಿ ಉದಾರಶಿಕ್ಷಣವೆಂಬ ಅನುವಾದ ರೂಢಿಗೆ ಬಂದಿದೆ. ಅನುವಾದ ಅಷ್ಟು ಸರಿಯಲ್ಲ. ಮೂಲದ ಲ್ಯಾಟಿನ್ ಶಬ್ದಕ್ಕೆ ಸ್ವತಂತ್ರನೆಂದು ಅರ್ಥ, ದಾನಶೀಲನೆಂದಲ್ಲ. ಆದರೂ ಶುಲ್ಕದ ಪಟ್ಟಿಯನ್ನು ನೋಡಿದಮೇಲೆ ತಂದೆಯಾದವನು ಉದಾರನಾಗದೆ ಬೇರೆ ದಾರಿಯಿಲ್ಲದಿರುವುದರಿಂದ ಶಬ್ದ ಹಾಗೆಯೇ ನಿಂತರೂ ಬಾಧಕವಿಲ್ಲ.

ಹೆಸರಿನ ಚರಿತ್ರೆಯನ್ನು ಇನ್ನೂ ಸ್ವಲ್ಪ ಬೆನ್ನಟ್ಟುವುದು ಪ್ರಯೋಜನಕರ. ಯೂರೋಪಿನ ಮಧ್ಯಯುಗದ ವಿದ್ಯಾಲಯಗಳಲ್ಲಿ ಸ್ವತಂತ್ರರ ಕಲೆಗಳು ಏಳು: ವ್ಯಾಕರಣ, ತರ್ಕ, ವಾಗ್ಮಿತೆ ಎಂಬ ಮೂರು, ಅಂಕಗಣಿತ, ರೇಖಾಗಣಿತ, ಖಗೋಳ, ಸಂಗೀತ ಎಂಬ ನಾಲ್ಕು. ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರಿಗೆ ಈ ಪಟ್ಟಿ ಅಪರಿಚಿತವಾಗಿ ತೋರದು. ಎರಡು ಕಡೆಗಳಲ್ಲಿಯೂ ಭಾಷೆಯನ್ನು ಶುದ್ಧಗೊಳಿಸಿ, ಯುಕ್ತಿಯನ್ನು ಹರಿತಗೊಳಿಸಿ, ಆಮೇಲೆ ಲೋಕವನ್ನು ನೋಡಲು ಬಿಡುವ ಕ್ರಮವೇ ಇದೆ. ೨೦೨೦ರ ರಾಷ್ಟ್ರೀಯ ಶಿಕ್ಷಣನೀತಿಯು ಬಾಣಭಟ್ಟನ ಕಾದಂಬರಿಯನ್ನೂ ಅರುವತ್ತನಾಲ್ಕು ಕಲೆಗಳನ್ನೂ ಹೆಸರಿಸಿ, ಉದಾರಶಿಕ್ಷಣವು ಭಾರತಕ್ಕೆ ಹಳೆಯದೇ ಎಂದು ಹೇಳಿಕೊಂಡಿತು. ಹೇಳಿಕೆಯಲ್ಲಿ ಸತ್ಯವಿಲ್ಲದಿಲ್ಲ. ಆದರೆ ಹೆಮ್ಮೆಪಡುವಾಗ ಬಿಟ್ಟುಬಿಡುವ ಇನ್ನೊಂದು ಅರ್ಧವಿದೆ. ಗ್ರೀಕರ ಮಾತಿನಲ್ಲಿ ಶಾಲೆಯೆಂಬುದಕ್ಕೆ ಮೂಲಾರ್ಥ ಬಿಡುವು. ಆಥೆನ್ಸಿನ ಸ್ವತಂತ್ರನಿಗೆ ಬಿಡುವು ದೊರೆತದ್ದು ಗುಲಾಮನು ದುಡಿದುದರಿಂದ. ಕರ್ಣಾಟಕದ ಅಗ್ರಹಾರಗಳಲ್ಲಿ ತರ್ಕ ಮೀಮಾಂಸೆಗಳು ನಡೆದುದು ಸುತ್ತಣ ಭೂಮಿಯನ್ನು ಬೇರೆಯವರು ಉತ್ತು ಬಿತ್ತಿದುದರಿಂದ. ಹೀಗೆ ಎರಡು ಕಡೆಗಳಲ್ಲಿಯೂ ಒಬ್ಬನ ಬಿಡುವಿಗೆ ಇನ್ನೊಬ್ಬನ ಬೆವರು ಬಂಡವಾಳವಾಗಿತ್ತು.

ಈಗ ಆ ಉತ್ತವನ ಮೊಮ್ಮಗಳು, ಕುಣಿಗಲಿನ ಕೆರೆಯ ಬಯಲಿನಲ್ಲಿಯೋ ಗುಬ್ಬಿಯ ಅಡಕೆ ತೋಟದಲ್ಲಿಯೋ ಬೆಳೆದವಳು, ತನಗೂ ಆ ವಿದ್ಯೆ ಬೇಕೆಂದು ಕೇಳುತ್ತಾಳೆಂದು ಭಾವಿಸಿ. ಮೊದಲು ಅನ್ನದ ದಾರಿ ನೋಡಿಕೋ, ತತ್ತ್ವಶಾಸ್ತ್ರ ಹೊಟ್ಟೆ ತುಂಬಿದವರಿಗೆ ಎಂದು ಆಕೆಗೆ ಹೇಳುವುದು ಹಳೆಯ ನಿಷೇಧವನ್ನೇ ಹೊಸ ಮಾತಿನಲ್ಲಿ ಹೇಳಿದಂತೆ. ಅನ್ನದ ಯೋಚನೆ ಬೇಡ, ಹೋಗಿ ಓದು ಎನ್ನುವುದೂ ಅಷ್ಟೇ ಅನ್ಯಾಯ. ಏಕೆಂದರೆ ಹಾಗೆ ಹೇಳುವವರು ಆಕೆಯ ಮನೆಯ ಸಾಲವನ್ನು ತೀರಿಸುವುದಿಲ್ಲ. ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ. ಇದನ್ನು ಬಿಚ್ಚದೆ ಕಾಲೇಜಿನ ಕಟ್ಟಡ, ಗ್ರಂಥಭಂಡಾರ, ಆಟದ ಬಯಲುಗಳ ವರ್ಣನೆಯನ್ನು ಎಷ್ಟು ಓದಿದರೂ ಫಲವಿಲ್ಲ.

ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳುವುದು ವಾದಧರ್ಮ. ಇಂತಹ ಓದು ಅನ್ನ ಹಾಕದು ಎಂಬುದು ಪೂರ್ವಪಕ್ಷ. ಇದಕ್ಕೆ ಸಾಮಾನ್ಯವಾಗಿ ಕೊಡುವ ಸಮಾಧಾನ ದೊಡ್ಡವರ ಹೆಸರುಗಳು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಇಂಗ್ಲಿಷ್ ಸಾಹಿತ್ಯದಲ್ಲಿ ೧೯೧೪ರಲ್ಲಿ ಎಂ.ಎ. ಮಾಡಿ, ಮೈಸೂರು ಸಂಸ್ಥಾನದ ಆಡಳಿತದಲ್ಲಿ ದೊಡ್ಡ ಹುದ್ದೆಗಳನ್ನು ವಹಿಸಿದರು. ಸಾಹಿತ್ಯ ಓದಿದ್ದರಿಂದ ಲೆಕ್ಕಪತ್ರ ನೋಡಲು ಅವರಿಗೆ ತೊಡಕಾಗಲಿಲ್ಲ. ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ೧೮೮೪ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ಕನ್ನಡ ಕಾವ್ಯದ ದಾರಿಯನ್ನು ತಿರುಗಿಸಿದರು. ಇವೆಲ್ಲ ನಿಜ. ಆದರೆ ದೊಡ್ಡವರ ನಿದರ್ಶನದಿಂದ ಸಾಮಾನ್ಯ ನಿಯಮವನ್ನು ಸಾಧಿಸುವುದು ತರ್ಕದೋಷ. ಮಾಸ್ತಿಯವರ ಕಾಲದಲ್ಲಿ ಪದವೀಧರರು ಬೆರಳೆಣಿಕೆಯಷ್ಟು. ಯಾವ ಪದವಿಯಾದರೂ ಸರಕಾರದ ಬಾಗಿಲು ತೆರೆಯುತ್ತಿತ್ತು.

ಇನ್ನೂ ಹತ್ತಿರದಿಂದ ನೋಡಬೇಕಾದ ಉದಾಹರಣೆ ವಿಶ್ವೇಶ್ವರಯ್ಯನವರದು. ತಾಂತ್ರಿಕ ಶಿಕ್ಷಣದ ಪಕ್ಷಪಾತಿಗಳು ಅವರ ಭಾವಚಿತ್ರವನ್ನು ತೂಗುಹಾಕದ ಕಾಲೇಜಿಲ್ಲ. ಅವರು ಮೊದಲು ಮಾಡಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ.; ಅದು ೧೮೮೧ರಲ್ಲಿ. ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ಆ ಓದನ್ನು ಮುಗಿಸಿದರು. ಆಮೇಲೆ ಸಂಸ್ಥಾನದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ೧೮೮೩ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಇವರೇ ದಿವಾನರಾಗಿದ್ದಾಗ ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. ಮೊದಲು ವಿಶಾಲವಾದ ಓದು, ಆಮೇಲೆ ಕಸಬಿನ ಓದು ಎಂಬ ಕ್ರಮವು ಎಷ್ಟು ಚೆನ್ನಾಗಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಇಂದಿನ ತಂದೆತಾಯಿಗಳು ತಿಳಿದಿರಬೇಕಾದ ಕಠಿಣ ಸಂಗತಿಯೂ ಇಲ್ಲಿಯೇ ಇದೆ: ಆ ದಾರಿ ಈಗ ಹಾಗೆ ತೆರೆದಿಲ್ಲ. ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಹಿಡಿದವರು ಮುಂದೆ ಸಾಹಿತ್ಯಕ್ಕೋ ಕಾನೂನಿಗೋ ಅರ್ಥಶಾಸ್ತ್ರಕ್ಕೋ ತಿರುಗಬಹುದು. ಕಲಾವಿಭಾಗವನ್ನು ಹಿಡಿದವರು ಇಂಜಿನಿಯರಿಂಗಿಗಾಗಲಿ ವೈದ್ಯಕ್ಕಾಗಲಿ ತಿರುಗಲಾರರು. ಒಂದು ಬಾಗಿಲು ಎರಡು ಕಡೆಗೂ ತೆರೆಯುತ್ತದೆ, ಇನ್ನೊಂದು ಒಂದೇ ಕಡೆಗೆ. ಹಿಂದಿರುಗಲಾಗದ ದಾರಿಯಲ್ಲಿ ಕಾಲಿಡುವ ಮೊದಲು ಹೆಚ್ಚು ಯೋಚಿಸಬೇಕೆಂಬುದು ವ್ಯಾಪಾರಿಗೂ ತಿಳಿದ ನೀತಿ. ಹದಿನಾರು ವರ್ಷದ ಮಕ್ಕಳಿಂದ ಅದನ್ನು ಒಂದು ಅರ್ಜಿಯ ಕಾಗದದ ಮೇಲೆ ಕೇಳುತ್ತಿರುವುದು ಈ ವ್ಯವಸ್ಥೆಯ ದೊಡ್ಡ ಅಪರಾಧ. ಗಣಿತವನ್ನೂ ತತ್ತ್ವಶಾಸ್ತ್ರವನ್ನೂ ಒಟ್ಟಿಗೆ ಓದಗೊಡುವ ಕಾಲೇಜಿಗೆ ಬೇರಾವ ಗುಣವಿಲ್ಲದಿದ್ದರೂ ಈ ಅಪರಾಧವನ್ನು ಒಂದೆರಡು ವರ್ಷ ಮುಂದಕ್ಕೆ ತಳ್ಳುವ ಗುಣವಿದೆ. ಪದವಿ ಯಾವುದಾದರೂ ಆಗಲಿ, ಅದರ ಮೇಲೆ ಮೂರು ವರ್ಷದ ಕಾನೂನು ಪದವಿಗೆ, ಬಿ.ಎಡ್.ಗೆ, ಲೋಕಸೇವಾ ಆಯೋಗದ ಪರೀಕ್ಷೆಗಳಿಗೆ ದಾರಿಯಿದೆ ಎಂಬುದನ್ನೂ ಮನೆಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರೆ ಅದು ಅನ್ನವನ್ನು ಮೂರು ನಾಲ್ಕು ವರ್ಷ ಮುಂದೂಡುವ ದಾರಿ. ಆ ವರ್ಷಗಳ ಖರ್ಚನ್ನು ಯಾರು ಹೊರುವರು?

ಶಾಸ್ತ್ರದಲ್ಲಿ ಮನುಷ್ಯನಿಗೆ ಮೂರು ಋಣಗಳನ್ನು ಹೇಳಿದೆ. ದೇವಋಣ, ಪಿತೃಋಣ, ಋಷಿಋಣ. ಓದಿ ಓದಿಸುವುದರಿಂದ ಋಷಿಋಣ ತೀರುವುದು. ಮನೆತನವನ್ನು ನಡೆಸುವುದರಿಂದ ಪಿತೃಋಣ. ಬ್ಯಾಂಕಿನ ಋಣವನ್ನು ಶಾಸ್ತ್ರಕಾರರು ಹೇಳಲಿಲ್ಲ. ಆದರೆ ಮೂರಕ್ಕಿಂತಲೂ ಸಮಯಕ್ಕೆ ಸರಿಯಾಗಿ ಬರತಕ್ಕದ್ದು ಅದೇ. ಖಾಸಗಿ ವಸತಿಕಾಲೇಜಿನ ವರ್ಷದ ಖರ್ಚು ಲಕ್ಷಗಳಲ್ಲಿ ಇರುವುದು. ಕೊಬ್ಬರಿಯ ಧಾರಣೆ ಏರಿದ ವರ್ಷ ಧೈರ್ಯ ಮಾಡಿದ ಮನೆಯು ಧಾರಣೆ ಇಳಿದ ವರ್ಷ ಏನು ಮಾಡಬೇಕು? ತಂಗಿಯ ಓದನ್ನು ನಿಲ್ಲಿಸಿ ಅಣ್ಣನಿಗೆ ಉದಾರಶಿಕ್ಷಣ ಕೊಡಿಸಿದರೆ ಆ ಶಿಕ್ಷಣದ ಹೆಸರೇ ಅಪಹಾಸ್ಯವಾಗುವುದು. ಹೀಗೆ ಆಗುವುದಿಲ್ಲವೆಂದು ಹೇಳುವಂತಿಲ್ಲ. ಅಣ್ಣನ ಪಾಲಿಗೆ ದೊಡ್ಡ ಕಾಲೇಜು, ತಂಗಿಯ ಪಾಲಿಗೆ ಬಸ್ಸು ಹೋಗುವಷ್ಟು ದೂರದ ಕಾಲೇಜು ಎಂಬ ಹಂಚಿಕೆ ಈ ಜಿಲ್ಲೆಯ ಮನೆಗಳಲ್ಲಿ ಯಾರೂ ಕೇಳದೆ ನಡೆದುಬಂದಿದೆ. ಆದಕಾರಣ ಶುಲ್ಕದಲ್ಲಿ ರಿಯಾಯಿತಿ ಕೊಡುವ ಕಾಲೇಜಾದರೆ ಎಷ್ಟು, ಎಷ್ಟು ವರ್ಷ, ಯಾವ ಕರಾರಿನ ಮೇಲೆ ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳದೆ ಮುಂದೆ ಹೆಜ್ಜೆಯಿಡಬಾರದು. ಮನೆಯ ವರಮಾನವನ್ನು ನೋಡಿ ನೆರವು ಕೊಡುವ ಪದ್ಧತಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂತಹ ಕೆಲವು ಕಡೆಗಳಲ್ಲಿ ಇದೆ; ಕೇಳಲು ಸಂಕೋಚಪಟ್ಟು ಅದನ್ನು ಬಿಟ್ಟವರು ತಮ್ಮ ಮಕ್ಕಳ ಪಾಲನ್ನು ಬಿಟ್ಟಂತೆ.

ಸಂಕೋಚಕ್ಕೆ ಈ ಸೀಮೆಯಲ್ಲಿ ಕಾರಣವೂ ಇಲ್ಲ. ಊಟವನ್ನು ಇನ್ನೊಬ್ಬರ ಮನೆಯಲ್ಲಿ ಉಂಡು ಓದಿದವರಿಂದಲೇ ಈ ನಾಡಿನ ವಿದ್ಯೆ ಉಳಿದಿರುವುದು. ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ ಎಂದು ವಾರಾನ್ನದಿಂದ ಓದಿ ಮುಂದೆ ಬಂದವರು ಹಿಂದಿನ ಎರಡು ತಲೆಮಾರುಗಳಲ್ಲಿ ಎಷ್ಟೋ ಮಂದಿ. ಸಿದ್ಧಗಂಗೆಯ ಮಠದಲ್ಲಿ ೧೯೧೭ರಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. ಸೆಂಟ್ರಲ್ ಕಾಲೇಜಿನಲ್ಲಿ ಓದಿ ಬಂದ ಶಿವಕುಮಾರ ಸ್ವಾಮಿಗಳು ೧೯೩೦ರಿಂದ ೨೦೧೯ರಲ್ಲಿ ಲಿಂಗೈಕ್ಯರಾಗುವವರೆಗೆ ಜಾತಿಯನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಒಂದೇ ಪಂಕ್ತಿಯಲ್ಲಿ ಬಡಿಸಿದರು. ವಿದ್ಯೆಯ ವಿಚಾರ ಅನ್ನದ ವಿಚಾರದಿಂದ ಬೇರೆಯಲ್ಲವೆಂಬುದನ್ನು ಇಲ್ಲಿಯ ಜನರಿಗೆ ಯಾವ ವಿದೇಶದ ಕಾಲೇಜೂ ಹೇಳಿಕೊಡಬೇಕಾಗಿಲ್ಲ.

ಗುಬ್ಬಿಯವರು ಇನ್ನೊಂದು ಕಥೆಯನ್ನು ಬಲ್ಲರು. ಗುಬ್ಬಿ ವೀರಣ್ಣನವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ನಾಟಕ ಕಂಪನಿಯೇ ಅವರ ವಿದ್ಯಾಲಯ. ಆ ಕಂಪನಿಗೆ ಮನೆಬಿಟ್ಟು ಬಂದು ಸೇರಿದ ಬಿ.ವಿ. ಕಾರಂತರನ್ನು ಅವರೇ ಕಾಶಿಗೆ ಕಳುಹಿಸಿ ಎಂ.ಎ. ಓದಿಸಿದರು. ಒಳ್ಳೆಯ ನಟನೊಬ್ಬನನ್ನು ತನ್ನ ಕಂಪನಿಯಲ್ಲಿಯೇ ಉಳಿಸಿಕೊಂಡಿದ್ದರೆ ಲಾಭ ಕಂಪನಿಯದಾಗುತ್ತಿತ್ತು. ಓದಿನಿಂದ ತನಗೇನು ಬರುವುದೆಂದು ಕೇಳದೆ, ಈ ಹುಡುಗನಿಗೆ ಏನು ಬೇಕೆಂದು ಕೇಳಿದ ವ್ಯಾಪಾರಿ ಅಪೂರ್ವ. ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕಶಾಲೆಯ ನಿರ್ದೇಶಕರಾದರು. ೧೯೮೯ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ಅಧಿಕಾರಿಯನ್ನು ಗುರುತಿಸುವ ಕಣ್ಣು ಪದವಿಯಿಂದಲೇ ಬರುವುದಲ್ಲವೆಂಬುದಕ್ಕೆ ಇದು ಗುಬ್ಬಿಯ ಸಾಕ್ಷ್ಯ.

ಇನ್ನು ಸಣ್ಣತನದ ವಿಚಾರ. ಸಣ್ಣ ವಿದ್ಯಾಲಯವೆಂದರೆ ಗುರುಶಿಷ್ಯರು ಒಬ್ಬರನ್ನೊಬ್ಬರು ಬಲ್ಲ ಸ್ಥಳವೆಂದು ಹೊಗಳುವುದು ವಾಡಿಕೆ. ಛಾಂದೋಗ್ಯದಲ್ಲಿ ಎರಡು ಕಥೆಗಳು ಒಂದರ ಹಿಂದೆ ಒಂದು ಬರುತ್ತವೆ. ಎರಡನ್ನೂ ಸೇರಿಸಿ ಓದುವವರು ಕಡಮೆ. ಮೊದಲನೆಯದು ಸತ್ಯಕಾಮ ಜಾಬಾಲನದು. ತಂದೆ ಯಾರೆಂದು ತಾಯಿಗೇ ತಿಳಿಯದ ಹುಡುಗ ಅದನ್ನು ಮುಚ್ಚಿಡದೆ ಹೇಳಿದುದರಿಂದ ಗೌತಮನು ಅವನನ್ನು ಒಪ್ಪಿಕೊಂಡ. ಗೋತ್ರವನ್ನು ಕೇಳಿದ ಪ್ರವೇಶಪರೀಕ್ಷೆಯಲ್ಲಿ ಹುಡುಗ ತೇರ್ಗಡೆಯಾದುದು ಸತ್ಯದಿಂದ. ಆಮೇಲೆ ಗುರು ಕೊಟ್ಟದ್ದು ಪಾಠವಲ್ಲ, ನಾನೂರು ಬಡಕಲು ಹಸುಗಳನ್ನು. ಅವು ಸಾವಿರವಾಗುವವರೆಗೆ ಕಾಡಿನಲ್ಲಿದ್ದು, ವೃಷಭದಿಂದಲೂ ಅಗ್ನಿಯಿಂದಲೂ ಹಕ್ಕಿಗಳಿಂದಲೂ ಕಲಿತು, ಹುಡುಗ ಹೊಳೆಯುವ ಮುಖದಿಂದ ಹಿಂದಿರುಗಿದ. ಉದಾರವಿದ್ಯೆಯನ್ನು ಹೊಗಳುವವರಿಗೆ ಇದಕ್ಕಿಂತ ಒಳ್ಳೆಯ ಕಥೆ ಸಿಕ್ಕದು.

ಎರಡನೆಯ ಕಥೆಯಲ್ಲಿ ಅದೇ ಸತ್ಯಕಾಮನು ಗುರುವಾಗಿದ್ದಾನೆ. ಉಪಕೋಸಲನೆಂಬ ಶಿಷ್ಯ ಹನ್ನೆರಡು ವರ್ಷ ಅವನ ಅಗ್ನಿಗಳನ್ನು ಕಾಯ್ದ. ಬೇರೆಯ ಶಿಷ್ಯರಿಗೆಲ್ಲ ಓದು ಮುಗಿಯಿತೆಂದು ಗುರು ಬೀಳ್ಕೊಟ್ಟ. ಇವನಿಗೆ ಮಾತ್ರ ಒಂದು ಮಾತನ್ನೂ ಹೇಳಲಿಲ್ಲ. ಹುಡುಗ ಸೊರಗುತ್ತಿರುವುದನ್ನು ಗುರುಪತ್ನಿ ಕಂಡು ಗಂಡನಿಗೆ ಹೇಳಿದಳು. ಆತ ಕೇಳದೆ ಪ್ರವಾಸ ಹೊರಟುಹೋದ. ಹುಡುಗ ಊಟ ಬಿಟ್ಟ. ಸತ್ಯಕಾಮನಂತಹ ಗುರುವಿನ ಮನೆಯಲ್ಲಿ, ಕೆಲವೇ ಶಿಷ್ಯರ ನಡುವೆ, ಒಬ್ಬ ಹುಡುಗ ಹನ್ನೆರಡು ವರ್ಷ ಕಣ್ಣಿಗೆ ಬೀಳದೆ ಉಳಿದ. ಭಾಷ್ಯಕಾರರು ಇದಕ್ಕೆ ಗೂಢಾರ್ಥ ಹೇಳಬಹುದು; ತಂದೆತಾಯಿಗಳು ವಾಚ್ಯಾರ್ಥವನ್ನೇ ಗಮನಿಸುವುದು ಲೇಸು. ದೊಡ್ಡ ಕಾಲೇಜಿನಲ್ಲಿ ಒಬ್ಬ ಉಪಾಧ್ಯಾಯರು ಹಿಡಿಸದಿದ್ದರೆ ಇನ್ನೊಬ್ಬರಿರುವರು. ಒಂದು ಗುಂಪಿನವರು ದೂರವಿಟ್ಟರೆ ಇನ್ನೊಂದು ಗುಂಪಿದೆ. ಸಣ್ಣ ಕಾಲೇಜಿನಲ್ಲಿ ತತ್ತ್ವಶಾಸ್ತ್ರಕ್ಕೆ ಇಬ್ಬರೇ ಉಪಾಧ್ಯಾಯರಿದ್ದು ಒಬ್ಬರು ಕೆಲಸ ಬಿಟ್ಟು ಹೋದರೆ ಶಾಸ್ತ್ರದ ಅರ್ಧಭಾಗ ಹೋದಂತೆ. ಅಲ್ಲಿ ಹೆಸರು ಕೆಟ್ಟರೆ ಮೂಲೆಯಿಲ್ಲ. ಮನಸ್ಸು ಕೆಟ್ಟರೆ ಮರೆಯಿಲ್ಲ. ಆದಕಾರಣ ಕೇಳಬೇಕಾದ ಪ್ರಶ್ನೆ ಎಷ್ಟು ಮಕ್ಕಳಿಗೆ ಒಬ್ಬ ಉಪಾಧ್ಯಾಯರೆಂಬ ಲೆಕ್ಕವಲ್ಲ. ಆ ಕಥೆಯ ಗುರುಪತ್ನಿಯ ಸ್ಥಾನದಲ್ಲಿ ಅಲ್ಲಿ ಯಾರಿದ್ದಾರೆ? ಮಗು ಊಟ ಬಿಟ್ಟರೆ ಯಾರು ನೋಡುವರು?

ಭಾಷೆಯ ತೊಡಕನ್ನು ಬೇರೆಯಾಗಿ ಹೇಳಬೇಕು. ಗುಬ್ಬಿಯ ಕನ್ನಡ ಶಾಲೆಯಲ್ಲಿ ತರಗತಿಗೆ ಮೊದಲಿಗಳಾಗಿದ್ದವಳು ಚರ್ಚೆಯೇ ಪಾಠವಾಗಿರುವ ಇಂಗ್ಲಿಷ್ ತರಗತಿಯಲ್ಲಿ ಕುಳಿತಾಗ ಏನಾಗುವುದು? ಉಪನ್ಯಾಸ ನಡೆಯುವ ಕಡೆ ಅವಳು ಬರೆದುಕೊಂಡು ಬಂದು ರಾತ್ರಿ ನಿಘಂಟು ನೋಡಿ ಅರ್ಥಮಾಡಿಕೊಳ್ಳುತ್ತಿದ್ದಳು. ಮಾತಾಡುವುದೇ ಓದಾಗಿರುವ ಕಡೆ ಅವಳ ಮೌನವನ್ನು ದಡ್ಡತನವೆಂದು ಎಣಿಸುವರು. ಬೇಗನೆ ಅವಳೂ ಹಾಗೆಯೇ ಎಣಿಸತೊಡಗುವಳು. ಸ್ವತಂತ್ರರ ವಿದ್ಯೆಯೆಂಬುದು ಇಂಗ್ಲಿಷ್ ಬಲ್ಲ ಮನೆಗಳ ಮಕ್ಕಳಿಗೆ ಮಾತ್ರ ಸ್ವಾತಂತ್ರ್ಯವಾಗಿ, ಉಳಿದವರಿಗೆ ಹೊಸ ದಾಸ್ಯವಾಗುವ ಅಪಾಯ ಇಲ್ಲಿದೆ. ಇದಕ್ಕಾಗಿ ಮೊದಲ ವರ್ಷದಲ್ಲಿ ಭಾಷಾಬೋಧನೆಯ ಏರ್ಪಾಡಿದೆಯೇ, ಪ್ರಬಂಧವನ್ನು ತಿದ್ದಿ ಮತ್ತೆ ಬರೆಯಿಸುವರೇ, ಕನ್ನಡದಲ್ಲಿ ಯೋಚಿಸಿದ್ದನ್ನು ಹೇಳಲು ಅವಕಾಶವುಂಟೇ ಎಂದು ವಿಚಾರಿಸಬೇಕು. ಮೈಸೂರಿನಲ್ಲಿ ಕನ್ನಡದ ಎಂ.ಎ. ತರಗತಿ ೧೯೨೭ರಲ್ಲಿ ಆರಂಭವಾಗಿ, ೧೯೨೯ರಲ್ಲಿ ಕುವೆಂಪು ಆ ಪದವಿ ಪಡೆದು ಹೊರಬಂದರು. ಬೆರಳೆಣಿಕೆಯ ಶಿಷ್ಯರು, ಟಿ.ಎಸ್. ವೆಂಕಣ್ಣಯ್ಯನವರಂತಹ ಉಪಾಧ್ಯಾಯರು. ಹಿಂದಿನ ಮಹಾರಾಜಾ ಕಾಲೇಜು, ಅದೂ ೧೯೧೮ರಿಂದ ೧೯೨೧ರವರೆಗೆ ರಾಧಾಕೃಷ್ಣನ್ ತತ್ತ್ವಶಾಸ್ತ್ರ ಬೋಧಿಸುತ್ತಿದ್ದ ಕಾಲದ ಕಾಲೇಜು, ಹೆಸರಿಲ್ಲದೆ ಉದಾರವಿದ್ಯೆಯ ಮನೆಯಾಗಿತ್ತು. ಅಲ್ಲಿಯ ಪಾಠವೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ. ಆದರೆ ಪಾಠ ಮುಗಿದಮೇಲೆ ಗುರುಶಿಷ್ಯರು ಮಾತಾಡಿದ್ದು ಕನ್ನಡದಲ್ಲಿ.

ಹಾಗಾದರೆ ಪರೀಕ್ಷಿಸುವ ಬಗೆ ಯಾವುದು? ಕಾಲೇಜಿನವರು ಬಾಗಿಲು ತೆರೆದು ಬಾಳೆಕಂಬ ಕಟ್ಟುವ ದಿನ ಹೋಗಬಾರದು. ತೈತ್ತಿರೀಯದ ಆಚಾರ್ಯನೂ ಶಿಷ್ಯರು ನಾಲ್ಕು ಕಡೆಗಳಿಂದ ತನ್ನಲ್ಲಿಗೆ ಬರಲೆಂದು ಆಹುತಿ ಕೊಟ್ಟು ಬೇಡಿಕೊಂಡಿದ್ದಾನೆ. ಇಂದಿನವರು ಜಾಹೀರಾತು ಹಾಕುವುದು ತಪ್ಪಲ್ಲ. ಆದರೆ ಆಹುತಿಯ ಹೊಗೆ ಅಡಗಿದಮೇಲೆ, ಸಾಮಾನ್ಯ ದಿನದಲ್ಲಿ ಹೋಗಿ ಒಂದು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬೇಕು. ಹೊಸದಾಗಿ ಸೇರಿದ ಮಕ್ಕಳನ್ನು ಕೇಳಿದರೆ ಉತ್ಸಾಹವೇ ಉತ್ತರ. ಕೊನೆಯ ವರ್ಷದವರನ್ನು ಕೇಳಬೇಕು, ಸಾಧ್ಯವಾದರೆ ನಡುವೆ ಬಿಟ್ಟು ಹೋದವರನ್ನೂ. ಗ್ರಂಥಭಂಡಾರದಲ್ಲಿ ಪುಸ್ತಕಗಳ ಸಂಖ್ಯೆಗಿಂತ ಅವುಗಳ ಅಂಚು ಸವೆದಿದೆಯೇ ಎಂಬುದು ಮುಖ್ಯ. ಒಬ್ಬ ಉಪಾಧ್ಯಾಯರೊಡನೆ ಮಗುವನ್ನು ಅರ್ಧ ಗಂಟೆ ಮಾತಾಡಲು ಬಿಟ್ಟು ತಂದೆತಾಯಿಗಳು ಹೊರಗೆ ನಿಲ್ಲುವುದು ಒಳ್ಳೆಯದು. ಹೊರಗೆ ಬಂದಾಗ ಮಗುವಿನ ಬಾಯಲ್ಲಿ ಉತ್ತರಗಳಿದ್ದರೆ ಬೇರೆ, ಹೊಸ ಪ್ರಶ್ನೆಯೊಂದಿದ್ದರೆ ಬೇರೆ.

ದೂರದ, ದುಬಾರಿಯ ಕಾಲೇಜೇ ಆಗಬೇಕೆಂಬ ನಿಯಮವೂ ಇಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಿಂದ ೧೯೩೫ರಲ್ಲಿ ಬೆಂಗಳೂರಿಗೆ ಕಾಲುನಡಿಗೆಯಲ್ಲಿ ಬಂದು ನ್ಯಾಷನಲ್ ಹೈಸ್ಕೂಲನ್ನು ಸೇರಿದ ಎಚ್. ನರಸಿಂಹಯ್ಯನವರು ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರೂ ವಾಸ ಮಾಡಿದ್ದು ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ. ಭೌತವಿಜ್ಞಾನದ ಆ ಉಪಾಧ್ಯಾಯರು ಪ್ರಶ್ನಿಸುವುದನ್ನೇ ಶಿಕ್ಷಣದ ಜೀವವೆಂದು ಬಗೆದವರು. ಗೌರಿಬಿದನೂರು ಬಾಗೇಪಲ್ಲಿಗ‌ಳಲ್ಲಿ ಹಳ್ಳಿಯ ಮಕ್ಕಳಿಗಾಗಿ ಕಾಲೇಜುಗಳನ್ನು ತೆರೆಯಿಸಿದರು. ಗುಬ್ಬಿಯ ಅಥವಾ ಕುಣಿಗಲಿನ ಸರಕಾರಿ ಪ್ರಥಮದರ್ಜೆ ಕಾಲೇಜಿನಲ್ಲಿ ಐಚ್ಛಿಕ ಕನ್ನಡಕ್ಕೋ ಇತಿಹಾಸಕ್ಕೋ ಹತ್ತು ಹನ್ನೆರಡು ಮಂದಿ ಮಾತ್ರ ಸೇರಿದ ವರ್ಷ, ಅಲ್ಲಿ ಓದುವ ಉಪಾಧ್ಯಾಯರೊಬ್ಬರಿದ್ದರೆ, ಅದೂ ಒಂದು ಸಣ್ಣ ಕಾಲೇಜೇ. ಲಕ್ಷ ಕೊಟ್ಟು ಹುಡುಕುವ ಗುರುಸಾಮೀಪ್ಯ ರೈಲಿನಲ್ಲಿ ಇಪ್ಪತ್ತು ಕಿಲೋಮೀಟರಿನೊಳಗೆ ಸಿಕ್ಕಬಹುದು, ಸಿಕ್ಕದೆಯೂ ಇರಬಹುದು. ಅಲ್ಲಿ ಕೊರತೆಗಳು ಬೇರೆ. ಪಠ್ಯಕ್ರಮವನ್ನು ೨೦೨೧ರಲ್ಲಿ ನಾಲ್ಕು ವರ್ಷಕ್ಕೆ ಹಿಗ್ಗಿಸಿ ೨೦೨೪ರಲ್ಲಿ ಮತ್ತೆ ಮೂರು ವರ್ಷಕ್ಕೆ ಕುಗ್ಗಿಸಿದ ಸರಕಾರದ ಆಜ್ಞೆಗಳ ನಡುವೆ ಸಿಕ್ಕಿಕೊಂಡ ಮಕ್ಕಳ ಪಾಡನ್ನು ಕಂಡವರು ಆ ಕಡೆಗೂ ಕಣ್ಣು ಮುಚ್ಚಿ ಕೈಮುಗಿಯಲಾರರು.

ಕೊನೆಗೆ ನಿರ್ಧರಿಸುವವರು ಯಾರು ಎಂಬ ಮಾತು ಉಳಿಯಿತು. ಖರ್ಚು ತಂದೆಯದು, ಬದುಕು ಮಗುವಿನದು. ಅಪೇಕ್ಷೆ, ಸಾಮರ್ಥ್ಯ ಎಂಬ ಅಧಿಕಾರಿಲಕ್ಷಣಗಳಲ್ಲಿ ಸಾಮರ್ಥ್ಯವನ್ನು ಹಿರಿಯರು ಅಳೆಯಬಹುದು; ಅಪೇಕ್ಷೆಯನ್ನು ಇನ್ನೊಬ್ಬರ ಪರವಾಗಿ ಯಾರೂ ಇಟ್ಟುಕೊಳ್ಳಲಾರರು. ಸಕಲ ವಿದ್ಯೆಗಳನ್ನೂ ಓದಿ ಮುಗಿಸಿದ ನಾರದನು ಸನತ್ಕುಮಾರನ ಬಳಿಗೆ ಬಂದದ್ದು, ಓದಿದ್ದರ ಪಟ್ಟಿಯನ್ನೆಲ್ಲ ಒಪ್ಪಿಸಿ, ಆದರೂ ತನಗೆ ಶೋಕ ಹೋಗಿಲ್ಲವೆಂದು ಹೇಳಿಕೊಂಡ. ಅವನನ್ನು ಯಾರೂ ಕಳುಹಿಸಿರಲಿಲ್ಲ. ಇಂಜಿನಿಯರಿಂಗ್ ಬೇಡವೆಂಬ ಭಯದಿಂದ ಉದಾರವಿದ್ಯೆಯನ್ನು ಬಯಸುವ ಮಗುವೂ ಇದೆ, ಅದನ್ನೇ ಬಯಸಿ ಬಯಸುವ ಮಗುವೂ ಇದೆ. ಇವೆರಡನ್ನೂ ಬೇರೆಮಾಡಿ ತಿಳಿಯಲು ಒಂದು ಸಂಜೆ ಸಾಲದು, ಸಿ.ಇ.ಟಿ. ಸೀಟಿನ ಪಟ್ಟಿ ಗೋಡೆಗೆ ಬೀಳುವ ವಾರದಲ್ಲಿ ಅಂತೂ ಆಗದು. ಎಸ್.ಎಸ್.ಎಲ್.ಸಿ.ಯ ವರ್ಷದಿಂದಲೇ, ಊಟದ ಹೊತ್ತಿನಲ್ಲಿ, ಅಂಕಗಳ ಮಾತಿಲ್ಲದೆ, ಏನು ಓದಿದೆ, ಅದರಲ್ಲಿ ಏನು ಹಿಡಿಸಿತು ಎಂದು ಕೇಳುತ್ತ ಬಂದ ಮನೆಗಳಿಗೆ ಇದು ತಿಳಿದಿರುವುದು.

ಕಳುಹಿಸುವುದೆಂದು ನಿಶ್ಚಯವಾದಮೇಲೆ ಮನೆಯಲ್ಲಿ ಇನ್ನೊಂದು ಒಪ್ಪಂದವೂ ಆಗತಕ್ಕದ್ದು. ಮೊದಲ ವರ್ಷ ಮುಗಿದಾಗ ಸ್ಥಳ ಹೊಂದಲಿಲ್ಲವೆಂದು ಮಗು ಹೇಳಿದರೆ, ಕಟ್ಟಿದ ಹಣವನ್ನು ಎಣಿಸಿ ತೋರಿಸದೆ, ನೆಂಟರೆದುರಿಗೆ ಏನು ಹೇಳುವುದೆಂದು ಕೇಳದೆ, ಪೆಟ್ಟಿಗೆಯನ್ನು ಇಳಿಸಿಕೊಂಡು ಒಳಗೆ ಕರೆದುಕೊಳ್ಳುವೆವೆಂಬ ಮಾತನ್ನು ಹೋಗುವ ದಿನಕ್ಕೆ ಮುಂಚೆಯೇ ತಾಯಿ ತಂದೆಗಳಿಬ್ಬರೂ ಬಾಯಿಬಿಟ್ಟು ಹೇಳಿರಬೇಕು. ಆ ಮಾತನ್ನು ಪಡೆದು ಹೋದ ಮಕ್ಕಳಲ್ಲಿ ಬಹುಮಂದಿ ಹಿಂದಿರುಗುವುದಿಲ್ಲ. ಹಿಂದಿರುಗಿದವರಿಗೆ ಕುಣಿಗಲಿನಿಂದ ತುಮಕೂರಿಗೆ ಬೆಳಗಿನ ಬಸ್ಸು ಇದ್ದೇ ಇದೆ.